ಬೆಕ್ಕಿನ ಬಾಲದ ಹಿಡಿ ಬುಡದಲ್ಲೇ ಬಿರುಕು ಬಿಡುವುದೇಕೆ?
ನೀವು ಜೇಡಿಮಣ್ಣಿನಲ್ಲಿ ಮಾಡುವ ಚಹಾ ಕಪ್ಪಿಗೆ ಬೆಕ್ಕಿನ ಬಾಲದ ಆಕಾರದ ಹಿಡಿ ಅಂಟಿಸಿದರೆ, ಅದು ಒಣಗುವಾಗಲೇ ಕಪ್ಪಿನಿಂದ ಬಿಟ್ಟುಕೊಳ್ಳುತ್ತಿದೆ ಎಂದಿದ್ದೀರಿ. ಫೋಟೊ ನೋಡದೆ ನೂರಕ್ಕೆ ನೂರು ಹೇಳಲಾರೆ, ಆದರೆ ಬಹುಮಟ್ಟಿಗೆ ಅಂಟಿಸುವ ಹೊತ್ತಿಗೆ ಕಪ್ಪು ಅರ್ಧ ಒಣಗಿರುತ್ತದೆ, ಬಾಲ ಇನ್ನೂ ಹಸಿಯಾಗಿರುತ್ತದೆ. ಜೇಡಿಮಣ್ಣು ಒಣಗುತ್ತ ಸಾಮಾನ್ಯವಾಗಿ ಶೇ 5ರಿಂದ 8ರಷ್ಟು ಕುಗ್ಗುತ್ತದೆ. ಇನ್ನೂ ಕುಗ್ಗಬೇಕಾದ ಬಾಲ ಕಪ್ಪನ್ನು ಬಿಟ್ಟು ಸರಿಯುತ್ತದೆ.

ಬಾಲವನ್ನು ಮೊದಲೇ ಬಾಗಿಸಿ ಮಲಗಿಸಿಡಿ. ಉಗುರು ಒತ್ತಿದರೆ ಗುರುತು ಮೂಡಬೇಕು, ಹಿಂಡಿದರೆ ಸೊಟ್ಟಗಾಗಬಾರದು. ಕಪ್ಪೂ ಬಾಲವೂ ಈ ಒಂದೇ ಹದದಲ್ಲಿರುವಾಗ ಕೂಡಿಸಿ. ಎರಡೂ ಕಡೆ ಮುಳ್ಳುಚಮಚದಿಂದ ಗೀರಿ, ಅದೇ ಮಣ್ಣನ್ನು ಗಟ್ಟಿ ಮೊಸರಿನಂತೆ ಕಲಸಿ ಹಚ್ಚಿ, ಒಳಗಿನಿಂದ ಬೆರಳು ಆನಿಸಿ ಅದುಮಿ. ಬರಿ ನೀರು ಸಾಲದು. ಬುಡದ ಸುತ್ತ ಮಣ್ಣಿನ ತೆಳು ಬತ್ತಿಯಿಟ್ಟು ನಯಗೊಳಿಸಿ. ಬಾಲದ ತುದಿ ಬೇಗ ಒಣಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಸುತ್ತಿ, ಇಡೀ ಕಪ್ಪನ್ನು 2-3 ದಿನ ಸಡಿಲವಾಗಿ ಮುಚ್ಚಿಡಿ. ಬಾಲ ಟೊಳ್ಳಾಗಿದ್ದರೆ ಕಾಣದ ಕಡೆ ಸೂಜಿಯಿಂದ ಒಂದು ತೂತು ಮಾಡಿ.

ಅಂದ ಹಾಗೆ, ಬಾಲದ ಸುರುಳಿಯೊಳಗೆ ಎರಡು ಬೆರಳು ಹೋಗುತ್ತವೆಯೇ ನೋಡಿ. ಬೆಕ್ಕು ಎಷ್ಟೇ ಮುದ್ದಾಗಿದ್ದರೂ ಬಿಸಿ ಚಹಾ ಮಡಿಲಿಗೆ ಚೆಲ್ಲಬಾರದಲ್ಲ!

ಈಗಾಗಲೇ ಒಣಗಿ ಬಿರಿದ ಕಪ್ಪುಗಳಿಗೆ ತೇಪೆ ಹಾಕಬೇಡಿ. ಸುಟ್ಟಿಲ್ಲದಿದ್ದರೆ ನೀರಿನಲ್ಲಿ ನೆನೆಸಿ, ಮಣ್ಣನ್ನು ಮತ್ತೆ ನಾದಿಕೊಳ್ಳಿ.