ಹಿಂಬರಹ ಬೇಕು, ಬಿಸ್ಕತ್ತು ಸಾಕು

ಪತ್ರ: ಬಡವರ ಮನೆ ಯೋಜನೆಗೆ ಊರಿನವರ ಸಲಹಾ ಸಮಿತಿ ಇರಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇರೋ ಸಮಿತಿಗಳು ಸಾಲದಾ? ಟೀ ಕುಡಿದು, ಬಿಸ್ಕತ್ತು ತಿಂದು, ಸಹಿ ಹಾಕಿ ಏಳೋದಕ್ಕೆ ಇನ್ನೊಂದು ಯಾಕೆ? ಅಧಿಕಾರಿಗಳು ಕಂಪ್ಯೂಟರ್ ನೋಡಿ ಪಟ್ಟಿ ಮಾಡಲಿ. ಜಗಳವೇ ಇರಲ್ಲ.
– ಒಬ್ಬ ಓದುಗ, ಶಿಡ್ಲಘಟ್ಟ

ಉತ್ತರ: ಬಿಸ್ಕತ್ತಿನ ಮಾತು ಒಪ್ಪಿದೆ. ನಾನೂ ತಿಂದವನೇ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಕಚೇರಿಯಲ್ಲಿ ಮನೆಗಳ ಬಗ್ಗೆ ಸಲಹೆ ಕೇಳಲು ಸಭೆ ಕರೆದಿದ್ದರು. ಹನ್ನೊಂದಕ್ಕೆ ಅಂದಿದ್ದು ಹನ್ನೆರಡೂವರೆಗೆ ಶುರುವಾಯಿತು. ಗೋಡೆಗೆ ನಕ್ಷೆ ಅಂಟಿಸಿದ್ದರು. ಒಂದು ಹಾಲ್, ಒಂದು ಅಡುಗೆಮನೆ, ಮೂಲೆಯಲ್ಲಿ ಶೌಚಾಲಯ. ನನ್ನ ಪಕ್ಕ ಕೂತಿದ್ದ ಹೆಂಗಸು ಮನೆಯಲ್ಲೇ ರೇಷ್ಮೆ ನೂಲು ತೆಗೆಯುವವರು. ಬಿಸಿನೀರಲ್ಲಿ ಕೈಯಾಡಿಸಿ ಬೆರಳ ತುದಿಯೆಲ್ಲ ಬಿಳಿಚಿಕೊಂಡು ಸುಕ್ಕಾಗಿತ್ತು. ಎದ್ದು ನಿಂತು ಕೇಳಿದರು: "ಸ್ವಾಮಿ, ಗೂಡು ಬೇಯಿಸೋ ಒಲೆ ಎಲ್ಲಿ ಇಡಲಿ? ಮಂಚದ ಕೆಳಗಾ?"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, "ನೋಟ್ ಮಾಡ್ಕೊಳ್ರೀ" ಅಂದರು. ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಆಮೇಲೆ ಬಂದ ನಡಾವಳಿಯಲ್ಲಿ ಇದ್ದದ್ದು ಒಂದೇ ಸಾಲು: "ಸದಸ್ಯರು ಚರ್ಚಿಸಿ ಸರ್ವಾನುಮತದಿಂದ ಒಪ್ಪಿಗೆ ನೀಡಿದರು."

ನೀವು ಇದನ್ನೇ ತೋರಿಸಿ ಸಮಿತಿ ದಂಡ ಅನ್ನುತ್ತೀರಿ. ನನಗೆ ಮಾತ್ರ ಆ ಹೆಂಗಸಿನ ಮಾತೇ ಇವತ್ತಿಗೂ ಕಿವಿಯಲ್ಲಿದೆ. ಕಂಪ್ಯೂಟರ್‌ನಿಂದ ಉಪಯೋಗವಿಲ್ಲ ಅಂತಲ್ಲ. ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ಹಂತಹಂತಕ್ಕೆ ಜಿಪಿಎಸ್ ಫೋಟೋ ತೆಗೆದು ಹಣ ಬಿಡುವ ಪದ್ಧತಿ ಬಂದ ಮೇಲೆ, ಕಟ್ಟದ ಮನೆಗೆ ಬಿಲ್ ಮಾಡೋದು ಕಷ್ಟವಾಗಿದೆ. ಒಳ್ಳೆಯದೇ. ಆದರೆ ಯಾವ ಫೋಟೋ ಹೇಳುತ್ತೆ, ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಮನೆಯೆಲ್ಲ ಹುಳದ್ದೇ, ಮನುಷ್ಯರು ಜಗಲಿಗೆ ಅಂತ? ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಡುಗೆ ಜಾಗವೂ ಸೇರಿ. ಸುಮಾರು 270 ಚದರಡಿ. ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಜಾಗ ಎಲ್ಲಿ ಅನ್ನೋದನ್ನು ದೆಹಲಿಯವರು ಯೋಚಿಸಬೇಕಾಗಿತ್ತು ಅಂತ ನಾನೂ ಹೇಳಲ್ಲ. ಅದನ್ನು ಹೇಳಬೇಕಾದವರು ನಾವೇ ಅಲ್ವಾ?

ಇನ್ನೊಂದು ತಮಾಷೆ ನೋಡಿ. ಪಕ್ಕದ ಹಳ್ಳಿ ಜಂಗಮಕೋಟೆಯವನಿಗೆ ಗ್ರಾಮಸಭೆ ಇದೆ. ಫಲಾನುಭವಿ ಪಟ್ಟಿ ಅಲ್ಲಿಗೆ ಬರಲೇಬೇಕು. "ಇವನಿಗಾಗಲೇ ತಾರಸಿ ಮನೆ ಇದೆ ಕಣ್ರೀ" ಅಂತ ಎದ್ದು ನಿಂತು ಹೇಳಬಹುದು. ಶಿಡ್ಲಘಟ್ಟ ಪೇಟೆಯವರಾದ ನಿಮಗೆ ಏನಿದೆ? ಮನೆ ಯಾರಿಗೆ ಅಂತ ಆರಿಸುವ, ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. (ಅದರ ಬಗ್ಗೆ ಜಾಸ್ತಿ ಬರೆದರೆ ನಮಗೆ ಹಬ್ಬದ ಜಾಹೀರಾತು ಬರಲ್ಲ.) ಪಟ್ಟಣಗಳ ಆಡಳಿತದ ಬಗ್ಗೆ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದು ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ. ಚಿಕ್ಕಬಳ್ಳಾಪುರ ಜಿಲ್ಲೆಯ ಯಾವ ಪೇಟೆಯೂ ಆ ಲೆಕ್ಕದ ಹತ್ತಿರ ಸುಳಿಯಲ್ಲ. ಹಳ್ಳಿಯವನಿಗೆ ಬಾಯಿ ಕೊಟ್ಟು, ದೊಡ್ಡ ನಗರದವನಿಗೂ ಕೊಟ್ಟು, ಮಧ್ಯದಲ್ಲಿರುವ ನಮ್ಮನ್ನು ಬರೀ ಚಪ್ಪಾಳೆಗೆ ಇಟ್ಟುಕೊಂಡಿದ್ದಾರೆ.

ಊರಿನವರನ್ನು ಕೂರಿಸಿದರೆ ಬರೀ ಜಗಳ ಅನ್ನುವವರು ದೇವರಾಜ ಅರಸು ಕಾಲದ ಭೂ ನ್ಯಾಯಮಂಡಳಿಗಳನ್ನು ನೆನಪು ಮಾಡಿಕೊಳ್ಳಲಿ. ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಆದ ಮೇಲೆ ಬಂದವು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಹೊರಗಿನ ಸದಸ್ಯರು. ವಕೀಲರಿಗೆ ಬಾಗಿಲು ಹಾಕಿದ್ದರು. ಯಾರು ಯಾವ ಹೊಲ ಉಳುತ್ತಿದ್ದ ಅನ್ನೋದು ಅಲ್ಲಿ ತೀರ್ಮಾನವಾಗುತ್ತಿತ್ತು. ಜಗಳ ಆಯಿತು, ಕೋರ್ಟು ಕಚೇರಿಯೂ ಆಯಿತು. ಆದರೂ ಎಷ್ಟೋ ಗೇಣಿದಾರರ ಕೈಗೆ ಜಮೀನು ಬಂತು.

ಅಷ್ಟು ಅಧಿಕಾರ ಈಗ ಯಾರೂ ಕೊಡಲ್ಲ, ಗೊತ್ತು. ನಾನು ಕೇಳುತ್ತಿರುವುದು ಒಂದು ಹಿಂಬರಹ, ಅಷ್ಟೇ. ಸಮಿತಿ ಒಂದು ಸಲಹೆ ಕೊಟ್ಟರೆ ಮೂವತ್ತು ದಿನದಲ್ಲಿ ಕಾಗದದಲ್ಲಿ ಉತ್ತರ ಬರಲಿ: ಒಪ್ಪಿದ್ದೇವೆ, ಇಲ್ಲವೇ ಒಪ್ಪಿಲ್ಲ, ಕಾರಣ ಇದು. ಪಹಣಿ ತಿದ್ದುಪಡಿಗೆ ಅರ್ಜಿ ಕೊಟ್ಟವನಿಗೂ ಹಿಂಬರಹ ಕೊಡುತ್ತಾರೆ. ಕರೆಸಿ ಕೂರಿಸಿ ಸಲಹೆ ಕೇಳಿದವರಿಗೆ ಯಾಕಿಲ್ಲ?

ನಿಮ್ಮ ಮೇಲೆ ಒಂದು ಸಣ್ಣ ಸಿಟ್ಟು. ಪತ್ರದ ಕೊನೆಯಲ್ಲಿ ಎರಡು ಸಾಲು ಬರೆದು ಗೀಚಿ ಹಾಕಿದ್ದೀರಿ. ಕಿಟಕಿ ಬೆಳಕಿಗೆ ಹಿಡಿದು ಓದಿದೆ, ಕ್ಷಮಿಸಿ. ನಿಮ್ಮ ಪಕ್ಕದ ಬೀದಿಯ ಹೊಸ ಮನೆಗಳ ಚರಂಡಿ ಕಿರಿದಾಯಿತು, ಗೂಡು ಬೇಯಿಸಿದ ನೀರು ನಿಂತು ನಾರುತ್ತಿದೆ ಎಂದಿತ್ತು. ಇದು ಸಲಹೆ ಅಲ್ಲದೆ ಇನ್ನೇನು ಸ್ವಾಮಿ? ಗೀಚದೆ ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಚರಂಡಿಯ ಅಗಲ ಅಳೆದು ಹಾಕಿ. ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಒಂದು ಪ್ರತಿ ನಮಗೂ ಕಳಿಸಿ. ಹಿಂಬರಹ ಬಂದರೆ ಅದನ್ನೂ.

– ಸಂಪಾದಕ