ಬುಲ್ ರೈಡಿಂಗ್‌ನಲ್ಲಿ 8 ಸೆಕೆಂಡ್ ಕೂತರೆ ಗೆದ್ದ ಹಾಗೇನಾ? ಗೂಳಿಗೂ ಯಾಕೆ ಅಂಕ?

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಅರ್ಥವಾದರೆ ಮೊದಲನೆಯದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ.

ಬುಲ್ ರೈಡಿಂಗ್ ಎಂದರೆ ಕುಣಿಯುವ ಗೂಳಿಯ ಬೆನ್ನ ಮೇಲೆ ಬೀಳದೆ ಕೂರುವ ಆಟ. ಒಟ್ಟು 100 ಅಂಕ. ಸವಾರನ ಹಿಡಿತ, ಸಮತೋಲಕ್ಕೆ 50. ಉಳಿದ 50 ಗೂಳಿಯದು: ಎಷ್ಟು ಎತ್ತರ ಜಿಗಿಯಿತು, ಹಿಂಗಾಲು ಎಷ್ಟು ಜೋರಾಗಿ ಝಾಡಿಸಿತು, ಯಾವ ವೇಗದಲ್ಲಿ ಸುತ್ತಿತು, ಸುತ್ತುತ್ತಲೇ ದಿಕ್ಕು ಬದಲಿಸಿತೇ ಎಂದು ತೀರ್ಪುಗಾರರು ನೋಡುತ್ತಾರೆ. ಸಾಧು ಗೂಳಿ ಸಿಕ್ಕರೆ ಸವಾರ ಎಷ್ಟೇ ಚೆನ್ನಾಗಿ ಕೂತರೂ ಅಂಕ ಏರುವುದಿಲ್ಲ. ಹಾಗಾಗಿ 8 ಸೆಕೆಂಡ್ ಉಳಿದರೆ ಅಂಕ ಪಡೆಯುವ ಅರ್ಹತೆ ಬಂತು, ಅಷ್ಟೇ. ಅದೂ ಒಂದೇ ಕೈಯಲ್ಲಿ ಹಗ್ಗ ಹಿಡಿದು. ಇನ್ನೊಂದು ಕೈ ಗೂಳಿಗಾಗಲಿ ತನ್ನ ಮೈಗಾಗಲಿ ತಾಗಿತೋ, ಸೊನ್ನೆ! ಸವಾರ ಬಿದ್ದರೂ ಗೂಳಿಯ ಅಂಕ ಮಾತ್ರ ಲೆಕ್ಕಕ್ಕಿರುತ್ತದೆ, ವರ್ಷಕ್ಕೊಂದು ವಿಶ್ವ ಚಾಂಪಿಯನ್ ಗೂಳಿಯನ್ನೂ ಆರಿಸುತ್ತಾರೆ.

ಬುಶ್‌ವ್ಯಾಕರ್ ಎಂಬ ಗೂಳಿ ಆ ಪಟ್ಟವನ್ನು ಮೂರು ಸಲ ಗೆದ್ದಿತ್ತು. ಈ ಆಟ ನಡೆಸುವ ಪಿಬಿಆರ್ (ಪ್ರೊಫೆಷನಲ್ ಬುಲ್ ರೈಡರ್ಸ್) ಸಂಸ್ಥೆಯ ಮುಖ್ಯ ಟೂರ್‌ನಲ್ಲಿ ಸತತ 42 ಸವಾರಿಗಳಲ್ಲಿ ಅದರ ಬೆನ್ನ ಮೇಲೆ ಯಾರೂ 8 ಸೆಕೆಂಡ್ ನಿಲ್ಲಲಿಲ್ಲ. 2013ರಲ್ಲಿ ಅಮೆರಿಕದ ಟಲ್ಸಾದಲ್ಲಿ ಸವಾರ ಜೆ.ಬಿ. ಮೂನಿ ನಿಂತ. ಅಂಕ 95.25. ಈ ಆಟದಲ್ಲಿ ನನಗೆ ಅದಕ್ಕಿಂತ ದೊಡ್ಡ ಸವಾರಿ ಇಲ್ಲ. 2021ರಲ್ಲಿ ಬ್ರೆಜಿಲ್‌ನ ಜೋಸೆ ವಿಟೋರ್ ಲೆಮೆ 98.75 ಪಡೆದದ್ದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಗೂಳಿಯ ವೃಷಣಕ್ಕೆ ಹಗ್ಗ ಬಿಗಿದು ಕುಣಿಸುತ್ತಾರೆ ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಆ ಹಗ್ಗ ಹಿಂಗಾಲುಗಳ ಮುಂದೆ, ಹೊಟ್ಟೆಯ ಸುತ್ತ ಬರುತ್ತದೆ. ಜಿಗಿತ ಬಹುಪಾಲು ತಳಿಯ ಗುಣ. ವಂಶಾವಳಿ ದಾಖಲಿಸಿ, ಡಿಎನ್‌ಎ ನೋಡಿ ಈ ಗೂಳಿಗಳನ್ನು ಬೆಳೆಸುತ್ತಾರೆ.

ಪಿಬಿಆರ್ ಕಟ್ಟಿದವರು ಸವಾರರೇ. ಕೌಬಾಯ್ ಆಟಗಳ ಜಾತ್ರೆಯಂಥ ರೋಡಿಯೋಗಳಲ್ಲಿ ಹತ್ತರೊಳಗೊಂದು ಆಟವಾಗಿದ್ದ ಇದನ್ನು ಬೇರೆಯಾಗಿ ನಿಲ್ಲಿಸಬೇಕೆಂದು 1992ರಲ್ಲಿ 20 ಮಂದಿ ತಲಾ 1,000 ಡಾಲರ್ ಹಾಕಿದರು. ಈಗ ವಾರಕ್ಕೊಂದು ಊರು. ಒಳಾಂಗಣ ಕ್ರೀಡಾಂಗಣಕ್ಕೆ ಲಾರಿಗಟ್ಟಲೆ ಮಣ್ಣು ತಂದು ಸುರಿದು ಅಖಾಡ ಮಾಡುತ್ತಾರೆ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲೂ ಅಷ್ಟೇ. ಅಮೆರಿಕದ ಆಟವೆಂದುಕೊಂಡರೂ ಮೊದಲ ಚಾಂಪಿಯನ್, 1994ರಲ್ಲಿ, ಬ್ರೆಜಿಲ್‌ನ ಆಡ್ರಿಯಾನೊ ಮೊರೇಸ್. ಆಮೇಲೂ ಎರಡು ಸಲ ಅವನೇ ಗೆದ್ದ.

ಇನ್ನು ಅಪಾಯ. 1989ರಲ್ಲಿ ಅಮೆರಿಕದ ಶೈಯೆನ್‌ನಲ್ಲಿ ಸವಾರ ಲೇನ್ ಫ್ರಾಸ್ಟ್ ಸತ್ತದ್ದು ಸವಾರಿ ಮುಗಿಸಿ ಇಳಿದ ಮೇಲೆ, ಗೂಳಿ ಹಿಂದಿನಿಂದ ಗುದ್ದಿ. ಅವನ ಗೆಳೆಯ ಕೋಡಿ ಲ್ಯಾಂಬರ್ಟ್ ರೂಪಿಸಿದ ಎದೆಕವಚವನ್ನು ಈಗ ಎಲ್ಲರೂ ತೊಡುತ್ತಾರೆ. ಆದರೂ 2019ರಲ್ಲಿ ಡೆನ್ವರ್‌ನಲ್ಲಿ 25 ವರ್ಷದ ಮೇಸನ್ ಲೋ, ಕವಚ ತೊಟ್ಟಿದ್ದರೂ, ಎದೆಗೆ ಬಿದ್ದ ತುಳಿತದಿಂದ ತೀರಿಕೊಂಡ. ಬಿದ್ದವನಿಗೂ ಗೂಳಿಗೂ ನಡುವೆ ನುಗ್ಗಿ ಅದನ್ನು ತಮ್ಮತ್ತ ಸೆಳೆಯುವ ಬುಲ್‌ಫೈಟರ್‌ಗಳೆಂದರೆ ನನಗೆ ಸವಾರರಿಗಿಂತ ಹೆಚ್ಚು ಗೌರವ. ನೋಡಲು ಕೂತರೆ 8 ಸೆಕೆಂಡಿನ ಬಜರ್ ಆದ ಕೂಡಲೇ ಕಣ್ಣು ತೆಗೆಯಬೇಡಿ, ಅವರ ಕೆಲಸ ಆಗಲೂ ನಡೆಯುತ್ತಿರುತ್ತದೆ.