ಲಾಗ್‌ಔಟ್ ಆದರೂ ಉಳಿಯುವ ಸಿಂಗಲ್‌ಟನ್, ಅರ್ಧದಲ್ಲೇ ನಿಲ್ಲುವ ಕಾಲ್‌ಬ್ಯಾಕ್

ಪ್ರಶ್ನೆ: ನಮ್ಮ ಐಫೋನ್ ಆಪ್‌ನಲ್ಲಿ ಸರ್ವರ್ ಜೊತೆಗಿನ ವ್ಯವಹಾರವೆಲ್ಲ ಒಂದೇ ಸಿಂಗಲ್‌ಟನ್ (ಇಡೀ ಆಪ್‌ಗೆ ಒಂದೇ ಇದ್ದು ಎಲ್ಲೆಡೆ ಹಂಚಿಕೆಯಾಗುವ ವಸ್ತು) ಮೂಲಕ ನಡೆಯುತ್ತದೆ. ಲಾಗಿನ್, ಆಮೇಲೆ ಪ್ರೊಫೈಲ್, ಆಮೇಲೆ ಆರ್ಡರ್ ಪಟ್ಟಿ ಎಂದು ಕಾಲ್‌ಬ್ಯಾಕ್‌ಗಳು (ಉತ್ತರ ಬಂದ ಮೇಲೆ ಓಡಬೇಕಾದ ಕೋಡ್ ತುಣುಕುಗಳು) ಒಂದರೊಳಗೊಂದು ಮೂರು ಹಂತ ಇಳಿದಿವೆ. ಒಮ್ಮೊಮ್ಮೆ ಲೋಡಿಂಗ್ ಚಕ್ರ ನಿಲ್ಲುವುದೇ ಇಲ್ಲ. ಬೇರೆ ಖಾತೆಯಿಂದ ಲಾಗಿನ್ ಆದಾಗ ಹಳೆಯ ಖಾತೆಯ ಹೆಸರು ಕಾಣಿಸಿದ್ದೂ ಉಂಟು. ಸಿಂಗಲ್‌ಟನ್, ಕಾಲ್‌ಬ್ಯಾಕ್ ಎರಡನ್ನೂ ಕಿತ್ತುಹಾಕಬೇಕೇ?

ಉತ್ತರ: ಸಿಂಗಲ್‌ಟನ್ ಅನ್ನು ಪೂರ್ತಿ ಕೀಳುವ ಅಗತ್ಯವಿಲ್ಲ. ನೆಟ್‌ವರ್ಕ್ ಕೋರಿಕೆಗಳಿಗಾಗಿ ಆಪಲ್ ಕೊಡುವ ‘ಯುಆರ್‌ಎಲ್‌ಸೆಷನ್.ಶೇರ್ಡ್’ ಕೂಡ ಸಿಂಗಲ್‌ಟನ್ನೇ. ಆಂಡ್ರಾಯ್ಡ್‌ನಲ್ಲಿ ಬಳಸುವ ಓಕೆಹೆಚ್‌ಟಿಟಿಪಿ ಎಂಬ ನೆಟ್‌ವರ್ಕ್ ಲೈಬ್ರರಿಯಲ್ಲಂತೂ ಪ್ರತಿ ಕ್ಲೈಂಟ್‌ಗೂ ತನ್ನದೇ ಕನೆಕ್ಷನ್ ಪೂಲ್ (ಮರುಬಳಕೆಗೆ ಇಟ್ಟುಕೊಂಡ ಸಂಪರ್ಕಗಳ ಗುಂಪು) ಇರುವುದರಿಂದ ಒಂದನ್ನೇ ಹಂಚಿಕೊಳ್ಳುವುದು ಸರಿಯಾದ ಕ್ರಮ. ನಿಮ್ಮಲ್ಲಿ ಕೆಟ್ಟಿರುವುದು ಬೇರೆ: ಟೋಕನ್ (ಲಾಗಿನ್ ಆದವರಿಗೆ ಸರ್ವರ್ ಕೊಡುವ ಗುರುತು) ಮತ್ತು ಬಳಕೆದಾರರ ವಿವರಗಳು ಆಪ್ ಇರುವಷ್ಟು ಕಾಲವೂ ಬದುಕುವ ವಸ್ತುವಿನೊಳಗೆ ಸೇರಿಕೊಂಡಿರಬೇಕು. ಲಾಗ್‌ಔಟ್‌ನಲ್ಲಿ ಅವನ್ನು ಅಳಿಸಿದರೂ ಸಾಲದು, ಏಕೆಂದರೆ ಅದಕ್ಕೂ ಮೊದಲೇ ಹೊರಟಿದ್ದ ಕೋರಿಕೆಯೊಂದರ ಉತ್ತರ ತಡವಾಗಿ ಬಂದು ಹಳೆಯ ಹೆಸರನ್ನು ಮತ್ತೆ ಅಲ್ಲೇ ಬರೆದುಬಿಡುತ್ತದೆ. ಲಾಗಿನ್ ಆದಾಗ ಹುಟ್ಟಿ ಲಾಗ್‌ಔಟ್ ಆದಾಗ ಹೋಗುವ ಪ್ರತ್ಯೇಕ ವಸ್ತುವಿನಲ್ಲಿ ಈ ವಿವರಗಳನ್ನಿಟ್ಟು, ಅದನ್ನು ಪ್ರತಿ ಸ್ಕ್ರೀನ್‌ಗೂ ಇನಿಶಿಯಲೈಸರ್ ಮೂಲಕ, ಅಂದರೆ ಸ್ಕ್ರೀನ್ ಸೃಷ್ಟಿಯಾಗುವಾಗಲೇ, ಕೊಡಿ. ಆಗ ತಡವಾದ ಉತ್ತರ ಸತ್ತ ವಸ್ತುವಿಗೆ ಬಂದು ಬೀಳುತ್ತದೆ. ಪರೀಕ್ಷೆ ಬರೆಯುವಾಗ ನಕಲಿ ವಸ್ತುವನ್ನು ಕೊಡುವುದೂ ಸುಲಭವಾಗುತ್ತದೆ.

ಚಕ್ರದ ಕಥೆ ಬೇರೆ. ಡೇಟಾ ಏನೂ ಬಾರದೆ 60 ಸೆಕೆಂಡ್ ಕಳೆದರೆ ಯುಆರ್‌ಎಲ್‌ಸೆಷನ್ ತಾನಾಗಿ ದೋಷವನ್ನು ಮರಳಿಸುತ್ತದೆ. ಮೂರು ಕರೆಗಳ ಅವಧಿ ಮೀರಿಯೂ ಚಕ್ರ ತಿರುಗುತ್ತಿದ್ದರೆ ನೆಟ್‌ವರ್ಕ್ ಅನ್ನು ದೂರುವ ಮೊದಲು ಕೋಡಿನ ಅತ್ಯಂತ ಒಳಗಿನ ಹಂತವನ್ನು ನೋಡಿ. ಜೇಸನ್ (ಸರ್ವರ್ ಡೇಟಾ ಕಳುಹಿಸುವ ರೂಪ) ಡೀಕೋಡ್ ಆಗದಿದ್ದಾಗ, ಷರತ್ತು ಪರೀಕ್ಷಿಸುವ ‘ಗಾರ್ಡ್’ನ ಎಲ್ಸ್ ಭಾಗದಲ್ಲಿ ಬರಿಯ ‘ರಿಟರ್ನ್’ ಇದ್ದು, ಕಂಪ್ಲೀಷನ್ ಅನ್ನು (ಕೆಲಸ ಮುಗಿಯಿತೆಂದು ತಿಳಿಸುವ ಕಾಲ್‌ಬ್ಯಾಕ್) ಕರೆಯಲು ಮರೆತಿರುವ ಸಾಧ್ಯತೆಯೇ ಹೆಚ್ಚು. ಈ ಮರೆವನ್ನು ಕಂಪೈಲರ್ ಎತ್ತಿ ತೋರಿಸುವುದಿಲ್ಲ. ಆಪಲ್‌ನ ಸ್ವಿಫ್ಟ್ ಭಾಷೆಯ 5.5ನೇ ಆವೃತ್ತಿಯಲ್ಲಿ (2021) ಬಂದ, ಕಾಲ್‌ಬ್ಯಾಕ್ ಇಲ್ಲದೆಯೇ ಉತ್ತರಕ್ಕೆ ಕಾಯಲು ಬಿಡುವ ಅಸಿಂಕ್-ಅವೇಟ್‌ನ ದೊಡ್ಡ ಲಾಭ ಇರುವುದು ಇಲ್ಲಿಯೇ, ಸಾಲುಗಳು ಚೊಕ್ಕವಾಗುವುದರಲ್ಲಲ್ಲ: ಪಟ್ಟಿ ಮರಳಿಸಬೇಕಾದ ಫಂಕ್ಷನ್ ಪ್ರತಿ ದಾರಿಯಲ್ಲೂ ಪಟ್ಟಿಯನ್ನು ಕೊಡಬೇಕು, ಇಲ್ಲವೇ ದೋಷವನ್ನು ಎಸೆಯಬೇಕು, ಬರಿಯ ‘ರಿಟರ್ನ್’ ಇದ್ದರೆ ಕೋಡ್ ಕಂಪೈಲೇ ಆಗದು.

ಬದಲಿಸುವಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಆರ್ಡರ್ ಪಟ್ಟಿ ತರಲು ಪ್ರೊಫೈಲ್ ನಿಜಕ್ಕೂ ಬೇಕೇ? ಟೋಕನ್ ಸಾಕೆಂದಾದರೆ ಎರಡನ್ನೂ ‘ಅಸಿಂಕ್ ಲೆಟ್’ನಿಂದ ಒಟ್ಟಿಗೇ ಕಳುಹಿಸಬಹುದು. ಕಾಲ್‌ಬ್ಯಾಕ್‌ಗಳ ಗೂಡಿನಲ್ಲಿ ಇಂಥ ಸುಳ್ಳು ಅವಲಂಬನೆಗಳು ಕಣ್ಣಿಗೆ ಬೀಳದೆ ಉಳಿದುಬಿಡುತ್ತವೆ.

ಹಳೆಯ ಫಂಕ್ಷನ್‌ಗಳನ್ನೆಲ್ಲ ಒಮ್ಮೆಲೇ ತಿದ್ದಲಾಗದಿದ್ದರೆ ಅವುಗಳಿಗೆ ‘ಚೆಕ್ಡ್ ಕಂಟಿನ್ಯುಯೇಷನ್’ನ (ಕಾಲ್‌ಬ್ಯಾಕ್ ಕೋಡನ್ನು ಅಸಿಂಕ್-ಅವೇಟ್‌ಗೆ ಜೋಡಿಸುವ ಸೇತುವೆ) ಹೊದಿಕೆ ಹಾಕಬಹುದು. ಆದರೆ ಅದನ್ನು ಸರಿಯಾಗಿ ಒಂದೇ ಸಲ ರೆಸ್ಯೂಮ್ ಮಾಡಬೇಕು, ಅಂದರೆ ಉತ್ತರ ಕೊಟ್ಟು ಕಾಯುತ್ತಿರುವ ಕೆಲಸವನ್ನು ಮುಂದುವರಿಸಬೇಕು; ಎರಡು ಸಲ ಮಾಡಿದರೆ ಆಪ್ ಕ್ರ್ಯಾಶ್ ಆಗುತ್ತದೆ, ಒಮ್ಮೆಯೂ ಮಾಡದಿದ್ದರೆ ಕಾಯುತ್ತಿರುವ ಕೆಲಸ ಹಾಗೆಯೇ ನಿಂತುಹೋಗುತ್ತದೆ. ಆದ್ದರಿಂದ ಹೊದಿಕೆ ಹಾಕುವ ಮೊದಲೇ ಆ ‘ಗಾರ್ಡ್’ ಅನ್ನು ಸರಿಪಡಿಸಿಕೊಳ್ಳಿ.